ವೀಲಿಂಗ್ ಅಥವಾ ಮ್ಯಾರಿಯೆಟ್ಟಾ: ಒಂದೇ ದಿನ ಇದ್ದರೆ ಎಲ್ಲಿಗೆ?

ಅಮೆರಿಕದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದವರು ಇನ್ನೊಂದು ದಿನ ಉಳಿದುಕೊಂಡರೆ ಒಹಾಯೊ ನದಿಯ ಕಡೆ ಹೋಗಬಹುದು. ನದಿ ದಡದಲ್ಲಿ ಎರಡು ಹಳೆಯ ಊರುಗಳಿವೆ. ವೆಸ್ಟ್ ವರ್ಜೀನಿಯಾದ ವೀಲಿಂಗ್‌ಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಒಹಾಯೊ ರಾಜ್ಯದ ಮ್ಯಾರಿಯೆಟ್ಟಾಗೆ ಎರಡು ಗಂಟೆಗೂ ಜಾಸ್ತಿ.

ರಸ್ತೆಗಳ ಕಥೆ ಇಷ್ಟವಾದರೆ ವೀಲಿಂಗ್‌ಗೇ ಹೋಗಿ. ಬೆಟ್ಟಕ್ಕೂ ನದಿಗೂ ನಡುವೆ ಸಿಕ್ಕಿಕೊಂಡ ಇಕ್ಕಟ್ಟಾದ ಊರು ಅದು. ಸರ್ಕಾರ ಕಟ್ಟಿಸಿದ ನ್ಯಾಷನಲ್ ರೋಡ್ 1818ರಲ್ಲಿ ಇಲ್ಲಿಗೆ ಬಂತು. ಆಮೇಲೆ ನದಿ ದಾಟಬೇಕಲ್ವಾ? 1849ರಲ್ಲಿ ತೂಗುಸೇತುವೆ ಕಟ್ಟಿದರು. ಆಗ ಜಗತ್ತಿನಲ್ಲೇ ಅತಿ ಉದ್ದದ ತೂಗುಸೇತುವೆ, ಗೋಪುರದಿಂದ ಗೋಪುರಕ್ಕೆ 1,010 ಅಡಿ. 1854ರ ಬಿರುಗಾಳಿಗೆ ಹಾಸು ಕುಸಿದುಬಿತ್ತು. ಮತ್ತೆ ಕಟ್ಟಿದರು. 2019ರಿಂದ ಅದರ ಮೇಲೆ ವಾಹನ ಬಿಡುತ್ತಿಲ್ಲ. ಹತ್ತಿರದಲ್ಲೇ ಇರುವ ಹಳೆಯ ಕಸ್ಟಮ್ ಹೌಸ್ (ಸುಂಕದ ಕಚೇರಿ) ತಪ್ಪಿಸಬೇಡಿ. ಅಂತರ್ಯುದ್ಧದ ಹೊತ್ತಿನಲ್ಲಿ ವರ್ಜೀನಿಯಾದಿಂದ ಬೇರೆಯಾಗುವ ಮಾತುಕತೆ ನಡೆದದ್ದು ಆ ಕಟ್ಟಡದಲ್ಲೇ. 1863ರಲ್ಲಿ ವೆಸ್ಟ್ ವರ್ಜೀನಿಯಾ ಹೊಸ ರಾಜ್ಯವಾಗಿ ಹುಟ್ಟಿದಾಗ ವೀಲಿಂಗ್ ಮೊದಲ ರಾಜಧಾನಿಯಾಯಿತು.

ಮ್ಯಾರಿಯೆಟ್ಟಾ 1788ರದು. ಮಸ್ಕಿಂಗಮ್ ನದಿ ಒಹಾಯೊ ಸೇರುವ ಜಾಗ. ಫ್ರಾನ್ಸ್ ರಾಣಿ ಮರೀ ಆಂಟೋನೆಟ್ ಗೌರವಕ್ಕೆ ಈ ಹೆಸರು. ಇಲ್ಲಿ ನನ್ನ ಮನಸ್ಸು ನಿಂತದ್ದು ಸ್ಮಶಾನದ ನಡುವಿನ ಮಣ್ಣಿನ ದಿಬ್ಬದ ಹತ್ತಿರ. ಬಿಳಿಯರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಮೂಲನಿವಾಸಿಗಳು ಕಟ್ಟಿದ್ದು ಅದು. ವಲಸೆ ಬಂದವರು ಅದನ್ನು ಕೆಡವದೆ ಸುತ್ತಲೂ ತಮ್ಮವರನ್ನು ಹೂಳಿದರು.

ಮಕ್ಕಳಿದ್ದರೆ, ಸಮಯ ಕಮ್ಮಿ ಇದ್ದರೆ ವೀಲಿಂಗ್ ಸಾಕು. ದಕ್ಷಿಣಕ್ಕೆ, ಐ-77 ಹೆದ್ದಾರಿ ಕಡೆಗೆ ಹೊರಟವರಾದರೆ ಮ್ಯಾರಿಯೆಟ್ಟಾ ದಾರಿಯಲ್ಲೇ ಸಿಗುತ್ತದೆ.