ಅಲಾಯ್ ಚಕ್ರದ ಅಂಚಿಗೆ ಅಂಟಿಸುವ ರಕ್ಷಣಾ ಪಟ್ಟಿ

ಕಾರನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸುವಾಗ ಅಂಚುಗಲ್ಲಿಗೆ ಮೊದಲು ತಾಗುವುದು ಟೈರೋ ರಿಮ್ಮೋ ಎಂಬುದು ಬಹುಮಟ್ಟಿಗೆ ಸೈಡ್‌ವಾಲ್ (ಟೈರಿನ ಬದಿಯ ಗೋಡೆ) ಎಷ್ಟು ಎತ್ತರವಾಗಿದೆ, ಎಷ್ಟು ಉಬ್ಬಿದೆ ಎಂಬುದರ ಮೇಲೆ ನಿಂತಿದೆ. 205/55 ಆರ್16 ಅಳತೆಯ ಟೈರಿನಲ್ಲಿ ಆ ಎತ್ತರ ಸುಮಾರು 113 ಮಿಲಿಮೀಟರ್ ಇದ್ದರೆ, 225/40 ಆರ್18ರಲ್ಲಿ 90 ಮಿಲಿಮೀಟರ್ ಮಾತ್ರ. ದೊಡ್ಡ ರಿಮ್, ತೆಳು ಟೈರು ಇರುವ ಕಾರುಗಳ ಚಕ್ರದಂಚು ಬೇಗ ಗೀರುವುದಕ್ಕೆ ಇದೇ ಮುಖ್ಯ ಕಾರಣ. ಆ ಅಂಚನ್ನು ಕಾಯಲೆಂದು ಸುತ್ತಲೂ ಅಂಟಿಸುವ ಪ್ಲಾಸ್ಟಿಕ್ ಪಟ್ಟಿಯನ್ನು ನಾನು ಬಳಸುತ್ತಿದ್ದೇನೆ. ಅದರ ಕುರಿತ ನನ್ನ ಅಭಿಪ್ರಾಯ ಇಲ್ಲಿದೆ.

ಈ ಪಟ್ಟಿಯ ಯಶಸ್ಸು ಪಟ್ಟಿಗಿಂತ ಹೆಚ್ಚಾಗಿ ಅದನ್ನು ಅಂಟಿಸುವ ಮೊದಲು ಮಾಡುವ ಕೆಲಸವನ್ನು ಅವಲಂಬಿಸಿದೆ. ರಿಮ್ಮಿನ ಮೇಲೆ ಬ್ರೇಕ್ ಧೂಳು, ಮೇಣ ಅಥವಾ ಟೈರ್ ಪಾಲಿಶಿನ ಸಿಲಿಕೋನ್ ಸ್ವಲ್ಪ ಉಳಿದಿದ್ದರೂ ಅಂಟು ಹಿಡಿಯುವುದಿಲ್ಲ. ಆದ್ದರಿಂದ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೆಯೇ ಅಂಟಿಸಬೇಕು. ಇಂಥ ಪಟ್ಟಿಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಇರುವ ಅಕ್ರಿಲಿಕ್ ಫೋಮ್ ಟೇಪು ಒತ್ತಡದಿಂದ ಹಿಡಿಯುವಂಥದ್ದು. ಪೂರ್ಣ ಬಲ ಬರಲು ಅದಕ್ಕೆ ಸುಮಾರು 72 ಗಂಟೆ ಬೇಕು. ಚಳಿಯಲ್ಲಿ ಇನ್ನೂ ನಿಧಾನ. ಅಂಟಿಸಿದ ದಿನವೇ ನೀರಿನ ಜೆಟ್ ಹಿಡಿಯುವವರು ಪಟ್ಟಿಯನ್ನು ದೂರಬಾರದು. 17 ಇಂಚಿನ ಚಕ್ರವೊಂದಕ್ಕೆ ಸುಮಾರು ಒಂದೂವರೆ ಮೀಟರ್ ಬೇಕಾಗುತ್ತದೆ. ಪಟ್ಟಿಯನ್ನು ಎಳೆದು ಹಿಗ್ಗಿಸಿ ಅಂಟಿಸಿದರೆ ಅದು ಮತ್ತೆ ಕುಗ್ಗುವಾಗ ತುದಿಗಳು ಏಳುತ್ತವೆ.

ನಿಧಾನವಾಗಿ ಸವರಿಕೊಂಡು ಹೋಗುವ ಗೀರುಗಳನ್ನು ಇದು ಚೆನ್ನಾಗಿಯೇ ತಡೆಯುತ್ತದೆ, ಅಂದರೆ ಗೀರನ್ನು ತಾನೇ ತಿನ್ನುತ್ತದೆ. ಗುಂಡಿಗೆ ಬಿದ್ದು ರಿಮ್ ಬಗ್ಗುವುದನ್ನೋ ಬಿರುಕು ಬಿಡುವುದನ್ನೋ ಇದರಿಂದ ತಡೆಯಲಾಗದು. ಡೈಮಂಡ್ ಕಟ್ ಚಕ್ರಗಳಿಗಂತೂ ಈ ಪಟ್ಟಿ ಬೇಕೇ ಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಅವುಗಳ ಮುಖವನ್ನು ಲೇತಿನಲ್ಲಿ ಕೆತ್ತಿ, ಮೇಲೆ ಪಾರದರ್ಶಕ ಲ್ಯಾಕರ್ ಮಾತ್ರ ಬಳಿದಿರುತ್ತಾರೆ. ಆ ಲ್ಯಾಕರ್ ಒಡೆದಲ್ಲಿ ತೇವ ಒಳಹೊಕ್ಕು ಅಲ್ಯೂಮಿನಿಯಂ ಸವೆಯತೊಡಗುತ್ತದೆ, ಬಿಳಿಯ ಎಳೆಗಳು ಪದರದಡಿಯಲ್ಲೇ ಹರಡುತ್ತವೆ. ಮತ್ತೆ ಕೆತ್ತಿಸಬಹುದು, ಆದರೆ ಪ್ರತಿಸಲವೂ ಲೋಹ ಹೋಗುವುದರಿಂದ ಹಾಗೆ ಕೆತ್ತಿಸಲು ಮಿತಿಯಿದೆ. ಬಣ್ಣ ಬಳಿದ ಚಕ್ರಗಳ ದುರಸ್ತಿ ಇಷ್ಟು ಕಷ್ಟವಲ್ಲ.

ಅಲಂಕಾರದ ವಿಷಯದಲ್ಲಿ ನನ್ನ ಆಯ್ಕೆ ಕಪ್ಪು. ಅದು ಟೈರಿನೊಡನೆ ಬೆರೆತು ಹೋಗುತ್ತದೆ, ಸವೆದ ಗುರುತೂ ಎದ್ದು ಕಾಣುವುದಿಲ್ಲ. ಕೆಂಪು ಪಟ್ಟಿ ಕಪ್ಪು ಚಕ್ರದ ಮೇಲೆ ನಿಜಕ್ಕೂ ಸೊಗಸು, ಆದರೆ ಅದರ ಮೇಲಿನ ಒಂದೊಂದು ಉಜ್ಜಿದ ಗುರುತೂ ದೂರದಿಂದಲೇ ತಿಳಿಯುತ್ತದೆ.

ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿಸುವ ನೈಲಾನ್ ಬಳೆಗಳೂ ಸಿಗುತ್ತವೆ. ಅವು ಇನ್ನಷ್ಟು ಹೊರಚಾಚಿ ಗಟ್ಟಿಯಾಗಿ ಕಾಯುತ್ತವೆ, ಆದರೆ ಕೂರಿಸಲು ಟೈರಿನ ಗಾಳಿ ಇಳಿಸಬೇಕು. ಟೈರಿನಲ್ಲೇ ರಿಮ್ ಕಾಯುವ ರಬ್ಬರ್ ಏಣು ಇದ್ದರೆ ಸರಿಯಾಗಿ ಕೂರದೆಯೂ ಇರಬಹುದು. ಅಂಟಿಸುವ ಪಟ್ಟಿಗೆ ಆ ತೊಡಕಿಲ್ಲದಿದ್ದರೂ ರಿಮ್ಮಿನ ಅಂಚು ಸಾಕಷ್ಟು ಸಪಾಟಾಗಿರಬೇಕು. ಪೂರ್ತಿ ದುಂಡಾದ ಅಂಚಿನ ಚಕ್ರಕ್ಕೆ ಇದನ್ನು ಕೊಳ್ಳಬೇಡಿ. ಟೈರು ಬದಲಿಸುವ ಯಂತ್ರದ ಹಿಡಿಕೆಗಳು ಹೊರ ಅಂಚನ್ನೇ ಕಚ್ಚುವಂತಿದ್ದರೆ, ಒಳಗಿನಿಂದ ಹಿಡಿಯುವಂತೆ ಕೆಲಸಗಾರರಿಗೆ ಮೊದಲೇ ಹೇಳಿಡಿ.