ವೀಲ್‌ಚೇರ್ ರ‍್ಯಾಂಪ್ ಬೇಕಾ? ಗ್ರಿಲ್ ಮಾಡೋರನ್ನೂ ಒಮ್ಮೆ ಕೇಳಿ ನೋಡಿ
ಮೈಸೂರಿನ ನಮ್ಮ ಬಾಡಿಗೆ ಮನೆಗೆ ಅಮ್ಮನ ವೀಲ್‌ಚೇರ್‌ಗಾಗಿ ರ‍್ಯಾಂಪ್ ಮಾಡಿಸಿದೆವು. ಮಾಡಿಕೊಟ್ಟಿದ್ದು ಏರಿಯಾದ ಒಂದು ವೆಲ್ಡಿಂಗ್ ಅಂಗಡಿಯವರು, ಗೇಟು, ಕಿಟಕಿ ಗ್ರಿಲ್ ಮಾಡೋರು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಮೊದಲು ಕೇಳಿದ್ದು ಗಾರೆ ಮೇಸ್ತ್ರಿಗಳನ್ನ. ಬಂದವರು ಟೇಪು ಕೂಡ ತೆಗೆಯದೆ "ಆರಡಿ ಇಳಿಜಾರು ಹಾಕಿಬಿಡೋಣ ಸಾರ್" ಅಂದರು. ಅದು ಸ್ಕೂಟರ್ ಹತ್ತಿಸೋ ಲೆಕ್ಕ. ನಮ್ಮದು ಮೂರು ಮೆಟ್ಟಿಲು, ಒಟ್ಟು 18 ಇಂಚು ಎತ್ತರ. ಕಟ್ಟಡಗಳಲ್ಲಿ ಅಂಗವಿಕಲರೂ ಓಡಾಡುವಂತಿರಬೇಕು ಅನ್ನೋ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ನೋಡಿದರೆ ಇಳಿಜಾರು 1:12ಕ್ಕಿಂತ ಕಡಿದಾಗಿ ಇರಬಾರದು, ಅಂದರೆ ಒಂದು ಇಂಚು ಎತ್ತರಕ್ಕೆ ಕಡೇಪಕ್ಷ ಒಂದು ಅಡಿ ಉದ್ದ, ನಮಗೆ 18 ಅಡಿ. ಆರಡಿಯಲ್ಲಿ ಹತ್ತಿಸುವಾಗ ಕುರ್ಚಿ ಹಿಂದಕ್ಕೆ ಮಗುಚಬಹುದು, ಇಳಿಸುವಾಗಂತೂ ಹಿಡಿಯೋಕೇ ಆಗಲ್ಲ. ಆನ್‌ಲೈನ್‌ನಲ್ಲಿ ಸಿಗುವ ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಒಂದು ಮೆಟ್ಟಿಲಿಗೆ ಸರಿ, ಮೂರಕ್ಕೆ ಸುಮ್ನೆ ದುಡ್ಡು ದಂಡ.

ವೆಲ್ಡಿಂಗ್ ಅಂಗಡಿಯವರು ಬಂದು ಕೇಳಿದ ಮೊದಲ ಮಾತು, "ಅಮ್ಮಾವ್ರನ್ನ ದಿನಾ ತಳ್ಳೋರು ಯಾರು ಸಾರ್?" ಅಪ್ಪ ಅಂದೆ, 76 ವರ್ಷ. ಅಲ್ಲೇ ನನಗೆ ಇವರ ಮೇಲೆ ನಂಬಿಕೆ ಬಂತು. 18 ಅಡಿ ನೇರವಾಗಿ ಗೇಟಿನ ಕಡೆ ಬಿಟ್ಟರೆ ರಸ್ತೆ ಮಧ್ಯಕ್ಕೆ ಹೋಗುತ್ತಿತ್ತು, ಅದಕ್ಕೆ ಮನೆ ಮುಂದಿನ ಗೋಡೆಗುಂಟ ಅಡ್ಡಲಾಗಿ ಹಾಕಿ, ಬಾಗಿಲ ಮುಂದೆ ಕುರ್ಚಿ ತಿರುಗಿಸೋಕೆ ಐದಡಿ ಚೌಕದ ಸಮತಟ್ಟು ಜಾಗ ಬಿಟ್ಟರು. ಎರಡೂ ಕಡೆ ಕೈಹಿಡಿ, ಚಕ್ರ ಜಾರದ ಹಾಗೆ ಅಂಚಿಗೆ ಪಟ್ಟಿ. ಎಲ್ಲಾ ಬೋಲ್ಟು ಜೋಡಣೆ, ಮನೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು. ಓನರ್ ಒಪ್ಪಿದ್ದೂ ಅದಕ್ಕೇ.

ಆಮೇಲೆ ಹೊಸಿಲು! ಎರಡು ಇಂಚಿನ ಮರದ ಹೊಸಿಲು, ಅಮ್ಮ ದಿನಾ ಅರಿಶಿನ ಕುಂಕುಮ ಇಡಿಸುವಂಥದ್ದು. ಕೊಯ್ಯೋ ಮಾತೇ ಇಲ್ಲ. ಹೊರಗಡೆ ಆ ಸಮತಟ್ಟು ಜಾಗವನ್ನೇ ಹೊಸಿಲ ಮಟ್ಟಕ್ಕೆ ಎತ್ತಿ, ಅದಕ್ಕೆ ತಕ್ಕಂತೆ ಇಳಿಜಾರು ಇನ್ನೆರಡು ಅಡಿ ಉದ್ದ ಮಾಡಿದರು. ಒಳಗಡೆಗೆ ಮರದ ಒಂದು ಸಣ್ಣ ಇಳಿಜಾರು ಹಲಗೆ, ಅದನ್ನು ಬಡಗಿಯಿಂದ ಬೇರೆ ಮಾಡಿಸಿದೆವು.

ಈಗ ಆ ಒಂದು ಸ್ಟಾರ್. ರ‍್ಯಾಂಪ್ ಮೇಲೆ ಹಾಸಿರೋ ಚೆಕರ್ಡ್ ಪ್ಲೇಟ್ (ಉಬ್ಬು ಗೆರೆಗಳಿರೋ ಕಬ್ಬಿಣದ ಹಾಳೆ) ಮಳೆಯಲ್ಲಿ ಜಾರುತ್ತದೆ, ಇದನ್ನು ಅವರು ಮೊದಲೇ ಹೇಳಬೇಕಿತ್ತು ಅಲ್ವಾ? ಮೊದಲ ಮಳೆಗೆ ಅಪ್ಪನ ಚಪ್ಪಲಿ ಜಾರಿತು, ಪುಣ್ಯಕ್ಕೆ ಕುರ್ಚಿ ಇರಲಿಲ್ಲ. ಫೋನ್ ಮಾಡಿದರೆ "ನಾಳೆ ಬರ್ತೀನಿ" ಅಂತ ಆ ನಾಳೆ ತುಂಬಾ ಜಾಸ್ತಿ ಆಯಿತು, ಕೊನೆಗೆ ಜಾರದ ಟೇಪು ನಾನೇ ತಂದು ಅಂಟಿಸಿದೆ. ಮಧ್ಯಾಹ್ನದ ಬಿಸಿಲಿಗೆ ಬರಿಗಾಲು ಇಡೋ ಹಾಗಿಲ್ಲ. ಸದ್ದೂ ಇದೆ.

ದುಡ್ಡು ಕೆಜಿ ಲೆಕ್ಕದಲ್ಲಿ, ಬಣ್ಣ ಸೇರಿ 70 ಸಾವಿರ ದಾಟಿತು. ತೂಕದ ಚೀಟಿ ಕೇಳಿ ಇಸ್ಕೊಳ್ಳಿ, ಇವರು ಕೇಳಿದ ಮೇಲೆ ಕೊಟ್ಟರು. ಸ್ವಂತ ಮನೆ ಇದ್ದವರು ಕಾಂಕ್ರೀಟೇ ಹಾಕಿಸಿ, ಮೇಲೆ ನುಣುಪು ಟೈಲ್ಸ್ ಬೇಡ, ಜಾರದ ಹಾಗೆ ಹಸಿ ಇರುವಾಗಲೇ ಪೊರಕೆ ಎಳೆದು ಗೀರು ಮೂಡಿಸಿ. ನಮ್ಮ ಅಳತೆ ಹಾಳೆ ಬೇಕಾದವರು ಕೇಳಿ, ಫೋಟೋ ಕಳಿಸುತ್ತೇನೆ.