‘ಬಿಚ್ಚಿ ನೋಡಿ ಸರ್’ ಅಂದವರೇ ‘ಯಾಕೆ ಬಿಚ್ಚಿದ್ರಿ ಸರ್’ ಅಂದರು: ಮರದ ಪೆನ್ ತರಿಸುವವರು ಓದಿ

ಇನ್‌ಸ್ಟಾಗ್ರಾಂ ನೋಡಿ ಮರದ ಪೆನ್ ಆರ್ಡರ್ ಮಾಡುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ ಮುಂದುವರಿಯಿರಿ. ಮಾರಿದವರ ಹೆಸರು ಹಾಕುವುದಿಲ್ಲ. ಹಾಕಿದರೆ ಕೇಸ್ ಹಾಕುತ್ತೇವೆ ಅಂತ ಈಗಾಗಲೇ ಹೆದರಿಸಿದ್ದಾರೆ. ಪೆನ್ ರಿಪೇರಿಗೆ ಟೈಮಿಲ್ಲ, ಹೆದರಿಸುವುದಕ್ಕೆ ಟೈಮಿದೆ.

1,850 ರೂಪಾಯಿ. ಬೀಟೆ ಮರದ್ದು, ತಿರುಗಿಸಿದರೆ ಮೊನೆ ಹೊರಗೆ ಬರುವ ಟ್ವಿಸ್ಟ್ ಪೆನ್. ಹೆಸರು ಕೆತ್ತಿಸಲು 200 ಬೇರೆ. ನಮ್ಮ ಹೈಸ್ಕೂಲ್ ಮೇಷ್ಟ್ರ ನಿವೃತ್ತಿಗೆ ಅಂತ ಹಳೇ ಹುಡುಗರೆಲ್ಲ ದುಡ್ಡು ಸೇರಿಸಿ ತರಿಸಿದ್ದು. ಆರ್ಡರ್ ನನ್ನ ಹೆಸರಲ್ಲಿ, ಆದ್ದರಿಂದ ಮರ್ಯಾದೆ ಹೋಗಿದ್ದೂ ನನ್ನದೇ. ಹೇಳಿದ ತಾರೀಖಿಗೆ ಬಾರದೆ ಪಾರ್ಸೆಲ್ ಸಮಾರಂಭದ ದಿನ ಬೆಳಿಗ್ಗೆ ಬಂತು. ರಿಬ್ಬನ್ ಕಟ್ಟಿದ ಡಬ್ಬಿ, ನೇರವಾಗಿ ವೇದಿಕೆಗೇ ಹೋಯಿತು. ಮೇಷ್ಟ್ರು ಅಲ್ಲೇ ಸಹಿ ಹಾಕಲು ಹೋದರು. ತಿರುಗಿಸಿದರು. ತಿರುಗಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ತಿರುಗಿಸಿದರು. ಕಟಕಟ ಅಂತ ಸದ್ದು, ಮೊನೆ ಅರ್ಧ ಬಂದು ನಿಂತಿತು. ‘ಇದು ತಿರುಗಿಸೋದೋ ಒತ್ತೋದೋ ಮಾರಾಯ?’ ಅಂತ ಮೈಕ್‌ನಲ್ಲೇ ಕೇಳಿದರು. ಎಲ್ಲರೂ ನಕ್ಕರು. ಕೊನೆಗೆ ಹೆಡ್‌ಮಾಸ್ಟರ್ ಜೇಬಿನ ಹತ್ತು ರೂಪಾಯಿ ಪೆನ್ನಲ್ಲಿ ಸಹಿ ಆಯಿತು.

ಅವತ್ತು ರಾತ್ರಿಯೇ ವಿಡಿಯೋ ಮಾಡಿ ಕಳಿಸಿದೆ. ಉತ್ತರ: ‘ಹ್ಯಾಂಡ್‌ಮೇಡ್ ಅಲ್ವಾ ಸರ್, ಸ್ವಲ್ಪ ಟೈಟ್ ಇರುತ್ತೆ. ಬಳಸ್ತಾ ಬಳಸ್ತಾ ಸರಿ ಹೋಗುತ್ತೆ.’ ಹೊಸ ಚಪ್ಪಲಿಯೇ ಇದು? ಸರಿ ಹೋಗಲಿಲ್ಲ ಅಂದಾಗ: ‘ಮಳೆಗಾಲ ಸರ್, ಮರ ಉಬ್ಬಿರುತ್ತೆ.’ ಅದಕ್ಕೂ ಒಪ್ಪದಿದ್ದಾಗ: ‘ಒಂದು ಹನಿ ಕೊಬ್ಬರಿ ಎಣ್ಣೆ ಬಿಡಿ.’ ಪುಣ್ಯಕ್ಕೆ ಬಿಡಲಿಲ್ಲ. ಎಣ್ಣೆ ಮರಕ್ಕೆ ಇಳಿದರೆ ಕಲೆ ಹೋಗುವುದಿಲ್ಲ.

ಈ ‘ಮರ ಉಬ್ಬಿದೆ’ ಅನ್ನುವ ಮಾತಿಗೆ ಮಾತ್ರ ಮೋಸ ಹೋಗಬೇಡಿ. ಇಂಥ ಪೆನ್‌ಗಳಲ್ಲಿ ಮರದ ತುಂಡಿಗೆ ತೂತು ಕೊರೆದು ಒಳಗೆ ಹಿತ್ತಾಳೆ ಕೊಳವೆ ಅಂಟಿಸುತ್ತಾರೆ. ಆಮೇಲೆ ಲೇತ್‌ಗೆ ಹಾಕಿ ಕಡೆಯುತ್ತಾರೆ. ತಿರುಗುವ ಮೆಕಾನಿಸಂ ಕೂರುವುದು ಆ ಹಿತ್ತಾಳೆಯೊಳಗೆ. ಮರಕ್ಕೂ ಅದಕ್ಕೂ ಮುಟ್ಟುವ ಸಂಬಂಧವೇ ಇಲ್ಲ. ಮರ ಹಿಗ್ಗಿದರೆ ಮೇಲಿನ ಭಾಗ ಮತ್ತು ಕೆಳಗಿನ ಭಾಗ ನಡುವೆ ಸೇರುವಲ್ಲಿ ಉಜ್ಜಬಹುದು, ಅಷ್ಟೇ.

ಇನ್ನೂ ಕೇಳಿದ್ದಕ್ಕೆ ಅವರಿಂದಲೇ ವಾಯ್ಸ್ ಮೆಸೇಜ್ ಬಂತು. ‘ಮೇಲಿನ ಭಾಗ ನೇರವಾಗಿ ಎಳೀರಿ ಸರ್, ಬರುತ್ತೆ, ಏನೂ ಆಗಲ್ಲ. ಒಳಗೆ ಕಸ ಇದೆಯಾ ಬಿಚ್ಚಿ ನೋಡಿ.’ ಇದು ಅವರ ಮಾತು. ಅವರದೇ ದನಿ.

ಎಳೆದೆ. ಬಂತು. ಬರೀ ಕೆಳಭಾಗ ಹಿಡಿದು, ಹೊರಗೆ ಚಾಚಿದ್ದ ಮೆಕಾನಿಸಂ ತುದಿಯನ್ನು ಬೆರಳಲ್ಲಿ ತಿರುಗಿಸಿದೆ. ಹಾಗೇ ಬಿಗಿ. ಅಂದರೆ ಮೇಲಿನ ಭಾಗದ್ದಾಗಲಿ, ಉಜ್ಜಾಟದ್ದಾಗಲಿ ತಪ್ಪಲ್ಲ. ರೀಫಿಲ್ ಕ್ರಾಸ್ ಅನ್ನುವ ಪೆನ್ ಕಂಪನಿಯ ಮಾದರಿಯದು, ಹಿಂದಿನಿಂದ ತಿರುಪಿ ತೆಗೆಯುವಂಥದ್ದು. ಅದನ್ನೂ ತೆಗೆದು ತಿರುಗಿಸಿದೆ. ಆಗಲೂ ಬಿಗಿ. ಹಾಗಾದರೆ ರೀಫಿಲ್‌ನದೂ ತಪ್ಪಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಕೊಳವೆ ಬಾಯಲ್ಲಿ ಗಾಜಿನ ಚೂರಿನ ಹಾಗೆ ಹೊಳೆಯುವ ಒಣಗಿದ ಗೋಂದು. ಫೆವಿಕ್ವಿಕ್ ಥರದ್ದು. ಸುತ್ತ ಬಿಳಿ ಪುಡಿ ಹಿಡಿದಿತ್ತು. ಅದೇ ಗೋಂದು ಇಳಿದು ಮೆಕಾನಿಸಂ ತಿರುಗುವ ಕಡೆಯೇ ಅಂಟಿಕೊಂಡಿತ್ತು. ಮೆಕಾನಿಸಂ ಕೂಡ ಕೊಂಚ ಓರೆಯಾಗಿ ಕೂತಿತ್ತು. ಕೊಳವೆ ಒಳಗೆ ಒರೆಸದೆ ಹಾಗೇ ಒತ್ತಿ ಪ್ಯಾಕ್ ಮಾಡಿದ್ದಾರೆ. ಒಂದೇ ಒಂದು ಸಲ ತಿರುಗಿಸಿ ನೋಡಿದ್ದರೂ ಗೊತ್ತಾಗುತ್ತಿತ್ತು. ಒಂದೇ ಸಲ!

ಫೋಟೋ ತೆಗೆದು ಕಳಿಸಿದೆ. ಈಗಲಾದರೂ ಒಪ್ಪುತ್ತಾರೆ ಅಂದುಕೊಂಡೆ. ಬಂದ ಉತ್ತರ ಇದು:

‘ಸರ್ ನೀವು ಪೆನ್ ಬಿಚ್ಚಿದ್ದೀರಲ್ಲ. ಬಿಚ್ಚಿದ್ದಕ್ಕೆ ವಾರಂಟಿ ಇಲ್ಲ ಸರ್.’

ಓದಿ ತಲೆ ಗಿರ್ ಅಂದಿತು. ಬಿಚ್ಚಿ ಅಂದದ್ದು ಯಾರು? ಅದನ್ನೇ ಕೇಳಿದೆ. ‘ಹುಷಾರಾಗಿ ಬಿಚ್ಚಿ ಅಂದಿದ್ವಿ ಸರ್.’ ಹೋಗಲಿ ವಾಪಸ್ ತಗೊಳ್ಳಿ ಅಂದೆ. ‘ಹೆಸರು ಕೆತ್ತಿದ್ದನ್ನ ಯಾರಿಗೆ ಮಾರೋದು ಸರ್?’ ಜೊತೆಗೊಂದು ಕೈ ಮುಗಿಯುವ ಚಿತ್ರ. ಆ ಕೈ ಮುಗಿಯುವ ಚಿತ್ರ ನೋಡಿದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಲೇತ್ ಇಟ್ಟುಕೊಂಡು ಪೆನ್ ಮಾಡುವ ಇನ್ನೊಬ್ಬರ ಹತ್ತಿರ ಒಯ್ದೆ. ಅವರು ಮೊದಲು ಮೊನೆಯ ಭಾಗ ತೆಗೆದರು, ಆ ಕಡೆಯಿಂದ ಸಣ್ಣ ಕಂಬಿ ಇಟ್ಟು ತಟ್ಟಿದರು, ಮೆಕಾನಿಸಂ ಹೊರಗೆ ಬಂತು. ಕೊಳವೆ ಕೆರೆದು ಹೊಸ ಮೆಕಾನಿಸಂ ಹಾಕಿದರು. ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಪೆನ್ನಿನ ಬಿಡಿಭಾಗಗಳ ಕಿಟ್‌ನಲ್ಲಿ ರೆಡಿಮೇಡ್ ಬರುವ ಸಾಮಾನು ಅದು, ಅಂಥ ಇನ್ನಷ್ಟು ಅವರ ಡಬ್ಬಿಯಲ್ಲೇ ಇದ್ದವು. ‘ಪ್ರತಿ ಭಾಗವೂ ನಮ್ಮ ಕೈಯಿಂದಲೇ’ ಅಂತ ನನಗೆ ಮಾರಿದವರ ಪೇಜ್‌ನಲ್ಲಿ ದೊಡ್ಡದಾಗಿ ಬರೆದಿದೆ! ಕಿಟ್ ಬಳಸುವುದು ತಪ್ಪಲ್ಲ, ಬಹಳಷ್ಟು ಜನ ಬಳಸುತ್ತಾರೆ. ಸುಮ್ನೆ ಸುಳ್ಳು ಯಾಕೆ ಹೇಳಬೇಕು?

ನೀವು ತರಿಸುವುದೇ ಆದರೆ, ನಿಮಗೆ ಕಳಿಸುವ ಅದೇ ಪೆನ್ನನ್ನು ತಿರುಗಿಸುವ ವಿಡಿಯೋ ಕೇಳಿ. ಯಾರದೋ ಪೆನ್‌ನ ಚಂದದ ರೀಲ್ಸ್ ಅಲ್ಲ. ಹೆಸರು ಕೆತ್ತಿಸಲೇಬೇಡಿ, ಅದೇ ಅವರಿಗೆ ನೆಪ. ಗೋಂದು ಕಂಡರೆ ನೇಲ್ ಪಾಲಿಶ್ ರಿಮೂವರ್ ಸುರಿಯಬೇಡಿ. ಹೊರಗಿನ ಹೊಳಪು ಎಷ್ಟೋ ಪೆನ್‌ಗಳಲ್ಲಿ ಅದೇ ಗೋಂದಿನದು, ಅದೂ ಕರಗುತ್ತದೆ. ಬಿಚ್ಚಿ ಅಂತ ಅವರು ಹೇಳಿದರೆ, ‘ಬಿಚ್ಚಿದರೂ ವಾರಂಟಿ ಇದೆ’ ಅಂತ ಟೈಪ್ ಮಾಡಿಸಿಕೊಂಡೇ ಕೈ ಹಾಕಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದನ್ನು ತಿಳಿಸಿದ ಮೇಲೆ ಆ ‘ಬಿಚ್ಚಿ ನೋಡಿ’ ವಾಯ್ಸ್ ಮೆಸೇಜನ್ನು ಎರಡೂ ಕಡೆಯಿಂದ ಅಳಿಸಿಬಿಟ್ಟಿದ್ದಾರೆ. ಅದನ್ನು ನಮ್ಮ ಹುಡುಗರ ಗ್ರೂಪ್‌ಗೆ ಮೊದಲೇ ಫಾರ್ವರ್ಡ್ ಮಾಡಿದ್ದೆ, ಅಲ್ಲಿ ಹಾಗೇ ಇದೆ. ಅವರಿಗೆ ಇನ್ನೂ ಗೊತ್ತಿಲ್ಲ.